ಕಪ್ಪೆಯ ರಕ್ತ ಹೀರುವ ಜಿಗಣೆ: ದೇಹರಚನೆಯ ವೈಶಿಷ್ಟ್ಯ

ಜಿಗಣೆ ಎಂದೊಡನೆ ಮಲೆನಾಡಿನ ಉಂಬಳವೋ, ಕೆರೆಯಲ್ಲಿ ದನಕರುಗಳ ಮೈಗೆ ಅಂಟುವ ಜಿಗಣೆಯೋ ನೆನಪಾಗುವುದು ಸಹಜ. ಇವುಗಳ ಬಾಯಿಯಲ್ಲಿ ಗರಗಸದಂತಹ ಮೂರು ದವಡೆಗಳಿದ್ದು, ಚರ್ಮವನ್ನು ಕೊಯ್ದು ರಕ್ತ ಹೀರುತ್ತವೆ. ಆದರೆ ಕಪ್ಪೆ, ಸಾಲಮಾಂಡರ್ ಮುಂತಾದ ಉಭಯಚರಗಳನ್ನು ಅವಲಂಬಿಸಿದ ಅನೇಕ ಜಿಗಣೆಗಳಿಗೆ ದವಡೆಗಳೇ ಇಲ್ಲ. ಉತ್ತರ ಅಮೆರಿಕದ ಕೊಳಗಳಲ್ಲಿ ವಾಸಿಸುವ ಪ್ಲಾಕಾಬ್ಡೆಲ್ಲಾ ಪಿಕ್ಟಾ ಇದಕ್ಕೆ ಉತ್ತಮ ನಿದರ್ಶನ.

ಹೊರರಚನೆ: ಚಪ್ಪಟೆಯಾದ ಈ ಜೀವಿಯ ದೇಹದಲ್ಲಿ, ಎಲ್ಲ ಜಿಗಣೆಗಳಲ್ಲಿರುವಂತೆ, 34 ಖಂಡಗಳಿವೆ. ನಡುಭಾಗದ ಪ್ರತಿ ಖಂಡವೂ ಹೊರನೋಟಕ್ಕೆ ಸಾಮಾನ್ಯವಾಗಿ 3 ಉಂಗುರಗಳಾಗಿ ಕಾಣುತ್ತದೆ. ದೇಹದ ಎರಡೂ ತುದಿಗಳಲ್ಲಿ ಅಂಟಿಕೊಳ್ಳಲು ಚೂಷಕಗಳಿವೆ. ಕೊನೆಯ 7 ಖಂಡಗಳು ಕೂಡಿ ಆದ ಹಿಂಚೂಷಕವು ಲಂಗರಿನಂತೆ ಕಚ್ಚಿ ಹಿಡಿಯುತ್ತದೆ.

ಸೊಂಡಿಲು: ಮುಂಚೂಷಕದಲ್ಲಿರುವ ಸಣ್ಣ ರಂಧ್ರದ ಮೂಲಕ ಸ್ನಾಯುಯುಕ್ತ ಸೊಂಡಿಲೊಂದು ಹೊರಚಾಚಿ ಚರ್ಮದೊಳಕ್ಕೆ ಇಳಿಯುತ್ತದೆ. ಕಪ್ಪೆಯು ಚರ್ಮದ ಮೂಲಕವೂ ಉಸಿರಾಡುವುದರಿಂದ ಅದರ ಚರ್ಮ ತೆಳುವಾಗಿ, ತೇವವಾಗಿ, ರಕ್ತನಾಳಗಳಿಂದ ತುಂಬಿರುತ್ತದೆ. ಆದ್ದರಿಂದ ಕೊಯ್ಯುವ ಅಗತ್ಯವಿಲ್ಲ, ಚುಚ್ಚಿದರೆ ಸಾಕು.

ಜೀರ್ಣಾಂಗ: ಹೀರಿದ ರಕ್ತವು ಪಕ್ಕಚೀಲಗಳುಳ್ಳ ಅನ್ನಚೀಲದಲ್ಲಿ ಸಂಗ್ರಹಗೊಂಡು ನಿಧಾನವಾಗಿ ಜೀರ್ಣವಾಗುತ್ತದೆ. ರಕ್ತದಲ್ಲಿ ಬಿ ವರ್ಗದ ಜೀವಸತ್ವಗಳು ಕಡಿಮೆ. ಅನ್ನನಾಳಕ್ಕೆ ಹೊಂದಿಕೊಂಡಿರುವ ಚೀಲಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಈ ಕೊರತೆಯನ್ನು ನೀಗಿಸುತ್ತವೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ.

ಸಂತಾನ: ಪ್ರತಿ ಜಿಗಣೆಯೂ ದ್ವಿಲಿಂಗಿ. ತಾಯಿಜಿಗಣೆ ಮೊಟ್ಟೆಗಳನ್ನು ತನ್ನ ಹೊಟ್ಟೆಯಡಿಯಲ್ಲಿ ಕಾಪಾಡುತ್ತದೆ. ಹೊರಬಂದ ಮರಿಗಳೂ ಕೆಲಕಾಲ ಅಲ್ಲಿಯೇ ಅಂಟಿಕೊಂಡಿರುತ್ತವೆ.

ರೋಗವಾಹಕ: ರಕ್ತ ಹೀರುವ ಸೊಂಡಿಲೇ ಸೋಂಕಿನ ಹಾದಿಯೂ ಹೌದು. ಟ್ರಿಪನೊಸೋಮ ಎಂಬ ಏಕಕೋಶ ಪರಾವಲಂಬಿಯು ಜಿಗಣೆಯ ದೇಹದಲ್ಲಿ ಬೆಳೆದು, ಮುಂದಿನ ಬಾರಿ ರಕ್ತ ಹೀರುವಾಗ ಮತ್ತೊಂದು ಪ್ರಾಣಿಯನ್ನು ಸೇರುತ್ತದೆ. ಕೆನಡಾದ ಆಲ್ಗೊನ್‌ಕ್ವಿನ್ ಉದ್ಯಾನದ ನೆಲಗಪ್ಪೆಗಳಿಗೆ ಟ್ರಿಪನೊಸೋಮವನ್ನು ಹರಡುವುದು ಈ ಜಿಗಣೆಯೇ ಎಂಬುದು 1990ರ ದಶಕದ ಅಧ್ಯಯನಗಳಿಂದ ತಿಳಿದುಬಂದಿತು.

ಹಾಗೆಂದು ಉಭಯಚರಗಳ ಅವನತಿಗೆ ಜಿಗಣೆಯನ್ನು ದೂರಲಾಗದು. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯಚರ ಪ್ರಭೇದಗಳಲ್ಲಿ ಶೇ. 41ರಷ್ಟು ಅಳಿವಿನ ಅಂಚಿನಲ್ಲಿವೆ. ಆವಾಸನಾಶ, ಶಿಲೀಂಧ್ರ ರೋಗ ಹಾಗೂ ಹವಾಮಾನ ಬದಲಾವಣೆ ಇದಕ್ಕೆ ಮುಖ್ಯ ಕಾರಣಗಳು. ಕಪ್ಪೆಯ ತೆಳುಚರ್ಮಕ್ಕೆ ಹೊಂದಿಕೊಂಡ ಜಿಗಣೆಗೆ ಕಪ್ಪೆಯಿಲ್ಲದ ಕೊಳದಲ್ಲಿ ಉಳಿಗಾಲವಿಲ್ಲ. ಕಪ್ಪೆಗಳೊಡನೆ ಈ ಅಪೂರ್ವ ದೇಹರಚನೆಯೂ ಕಣ್ಮರೆಯಾಗಬಹುದು.