ವಿಜಯಪುರ, ತಿಕೋಟಾ, ಬಬಲೇಶ್ವರ: ವೃತ್ತಿ ತರಬೇತಿ ಮತ್ತು ತಂತ್ರಜ್ಞಾನ

ವಿಜಯಪುರ ನಗರ, ಅದರ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿರುವ ತಿಕೋಟಾ, ನೈಋತ್ಯಕ್ಕೆ ಜಮಖಂಡಿ ಕಡೆಗಿರುವ ಬಬಲೇಶ್ವರ, ಈ ಮೂರೂ 2018ರ ಸುಮಾರಿನವರೆಗೆ ಒಂದೇ ತಾಲ್ಲೂಕಿಗೆ ಸೇರಿದ್ದವು. ಹೊಸ ತಾಲ್ಲೂಕುಗಳಾದ ಮೇಲೆ ಕಚೇರಿಗಳು ಬೇರೆಯಾದವು; ಕಸುಬು ಕಲಿಯಲು, ನೌಕರಿಗೆ ತಯಾರಾಗಲು ನಗರಕ್ಕೆ ಬಸ್ಸು ಹತ್ತುವ ರೂಢಿ ಹಾಗೆಯೇ ಉಳಿಯಿತು. ಈ ಭಾಗದ ವೃತ್ತಿ ತರಬೇತಿಯ ಚರಿತ್ರೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಹೊಸ ಯಂತ್ರ ಮೊದಲು ಬರುವುದು ಹೊಲಕ್ಕೆ, ಶೆಡ್ಡಿಗೆ, ರಿಪೇರಿ ಅಂಗಡಿಗೆ. ಅದರ ಪಠ್ಯಕ್ರಮ ತರಗತಿಗೆ ಬರುವುದು ಆಮೇಲೆ, ಕೆಲವೊಮ್ಮೆ ಬಹಳ ತಡವಾಗಿ.

ಹಳೆಯ ಕಲಿಕೆ

ಊರಿನ ಬಡಿಗ, ಕಮ್ಮಾರ, ಕುಂಬಾರರು ಆಯಗಾರರಾಗಿದ್ದ ಕಾಲದಲ್ಲಿ ಮನೆಯೇ ತರಬೇತಿ ಶಾಲೆ. ರೈತ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದ, ಆಯಗಾರ ವರ್ಷವಿಡೀ ಕುಂಟೆ, ಕೂರಿಗೆ ದುರಸ್ತಿ ಮಾಡಿಕೊಡುತ್ತಿದ್ದ. ಮಗ ಅಪ್ಪನ ಪಕ್ಕದಲ್ಲಿ ಕೂತು ಕಲಿಯುತ್ತಿದ್ದ. ಆ ಜಾತಿಯಲ್ಲಿ ಹುಟ್ಟದವನಿಗೆ ಆ ಕಲಿಕೆಯ ಬಾಗಿಲು ಮುಚ್ಚಿತ್ತು ಎಂಬುದನ್ನೂ ಇಲ್ಲಿಯೇ ಹೇಳಬೇಕು. ನಗರದಲ್ಲಿ ಆಧುನಿಕ ಸಂಸ್ಥೆಗಳಿಗೆ ಬುನಾದಿ ಹಾಕಿದವರಲ್ಲಿ ವಚನ ಪಿತಾಮಹ ಫ.ಗು. ಹಳಕಟ್ಟಿ ಪ್ರಮುಖರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಅವರ ಪ್ರಯತ್ನದಿಂದ ಬಂದವು. ಮುದ್ರಣಾಲಯ ಎಂದರೆ ವಚನಗಳ ಪ್ರಕಟಣೆಯಷ್ಟೇ ನೆನಪಾಗುತ್ತದೆ. ಆದರೆ ಅಚ್ಚುಮೊಳೆ ಜೋಡಿಸುವುದು, ಕರಡು ತಿದ್ದುವುದು, ಯಂತ್ರ ನಡೆಸುವುದು ಕುಲಕ್ಕೆ ಅಂಟದ, ಅಕ್ಷರ ಬಲ್ಲವರು ಕಲಿಯಬಹುದಾದ ಹೊಸ ಕಸುಬುಗಳಾಗಿದ್ದವು.

ಐಟಿಐ ಮತ್ತು ಫೈಲಿಂಗ್

ಕೇಂದ್ರ ಸರಕಾರ 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭಿಸಿತು. ಐಟಿಐಗಳ ಹುಟ್ಟು ಅಲ್ಲಿಂದ. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯೊಳಗಿನ ಕಲಿಕೆಗೆ ಕಾನೂನಿನ ಬಲ ಕೊಟ್ಟಿತು. ಜರ್ಮನಿಯ ನೆರವಿನಿಂದ 1986ರಲ್ಲಿ ಚೆನ್ನೈಯಲ್ಲಿ ಸ್ಥಾಪನೆಯಾದ ಸಂಸ್ಥೆ, ಅಂದರೆ ಇಂದಿನ ನಿಮಿ, ಟ್ರೇಡ್‌ಗಳ ಪಠ್ಯಪುಸ್ತಕಗಳನ್ನು ಸಿದ್ಧಪಡಿಸತೊಡಗಿತು. ನಿಖರ ಯಂತ್ರವಿದ್ಯೆಗೆ ಡೆನ್ಮಾರ್ಕಿನ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಮುಂದೆ ಜಿಲ್ಲೆಗಳಿಗೂ ಹಬ್ಬಿತು. ಪಕ್ಕದ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಅದರ ಕೇಂದ್ರವಿದೆ. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1980ರಲ್ಲಿ.

ಐಟಿಐಯ ಫಿಟ್ಟರ್ ವಿಭಾಗಕ್ಕೆ ಸೇರಿದವನು ಮೊದಲ ತಿಂಗಳುಗಳಲ್ಲಿ ಮಾಡುವ ಕೆಲಸ ದಶಕಗಳಿಂದ ಹೆಚ್ಚು ಬದಲಾಗಿಲ್ಲ. ಕಬ್ಬಿಣದ ಪಟ್ಟಿಯ ತುಂಡೊಂದನ್ನು ವೈಸಿಗೆ ಬಿಗಿದು ಫೈಲಿಂಗ್ ಮಾಡಬೇಕು. ಟ್ರೈ ಸ್ಕ್ವೇರ್ ಹಿಡಿದು ಬೆಳಕಿಗೆ ಒಡ್ಡಿದಾಗ ಸಂದಿಯಲ್ಲಿ ಬೆಳಕು ನುಸುಳಿದರೆ ಜಾಬ್ ಮತ್ತೆ ವೈಸಿಗೆ. ಈ ಕೆಲಸವನ್ನು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರ ಕೆಲವೇ ನಿಮಿಷಗಳಲ್ಲಿ ಮಾಡಿಬಿಡುತ್ತದೆ ಎಂಬುದು ನಿಜ. ಆದರೂ ಫೈಲಿಂಗ್ ಪಠ್ಯಕ್ರಮದಿಂದ ಹೋಗಿಲ್ಲ, ಹೋಗಬಾರದು ಕೂಡ. ಅಳತೆಯ ಅಂದಾಜು ಕೈಗೆ ಹತ್ತದವನು ಸಿಎನ್‌ಸಿ ತೋರಿಸುವ ಅಂಕಿಯನ್ನು ಓದಬಲ್ಲ, ಆ ಅಂಕಿ ತಪ್ಪಾದಾಗ ಗುರುತಿಸಲಾರ.

ನೀರು, ಮೋಟಾರು, ದ್ರಾಕ್ಷಿ

ಈ ಭಾಗದ ಕಸುಬುಗಳನ್ನು ಕಾರ್ಖಾನೆಗಿಂತ ಹೆಚ್ಚಾಗಿ ಬದಲಿಸಿದ್ದು ನೀರು. ಕೊಳವೆಬಾವಿ ಹೆಚ್ಚಿದಂತೆ ಮೋಟಾರ್ ವೈಂಡಿಂಗ್ ಅಂಗಡಿಗಳು ಹೆಚ್ಚಿದವು. ಸುಟ್ಟ ಮೋಟಾರು ಬಂದರೆ ಹಳೆಯ ತಂತಿಯನ್ನು ಕತ್ತರಿಸಿ ಎಳೆದು ತೆಗೆಯುವುದು, ಒಂದೊಂದು ಸುರುಳಿಯಲ್ಲಿ ಎಷ್ಟು ಸುತ್ತು ಇದ್ದವೆಂದು ಎಣಿಸಿ ಬರೆದಿಟ್ಟುಕೊಳ್ಳುವುದು, ತಂತಿಯ ಗೇಜ್ ನೋಡುವುದು, ಅಷ್ಟೇ ಸುತ್ತಿನ ಹೊಸ ತಂತಿ ತುಂಬುವುದು, ಹೊಸಬ ಇಷ್ಟನ್ನು ಮಾಡಿಯೇ ಕಲಿಯುತ್ತಾನೆ. ನೀರಿನೊಳಗೆ ಮುಳುಗಿ ನಡೆಯುವ ಸಬ್‌ಮರ್ಸಿಬಲ್ ಮೋಟಾರಿಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಹೊದಿಕೆಯ ತಂತಿ ಬೇಕು. ಸೇರಿಸುವ ಕಡೆ ಟೇಪ್ ಸ್ವಲ್ಪ ಸಡಿಲವಾದರೂ ಪಂಪು ಬಾವಿಗಿಳಿದ ದಿನವೇ ಮೇಲೆ ಬರುತ್ತದೆ. ಈ ಅಂಗಡಿಗಳಲ್ಲಿ ಪ್ರಮಾಣಪತ್ರ ಕೇಳುವವರಿಲ್ಲ. ಮಾಡಿದ ಕೆಲಸ ಎಷ್ಟು ದಿನ ಬಾಳಿತು ಎಂಬುದೇ ಅಲ್ಲಿನ ಪರೀಕ್ಷೆ.

ಈಗ ಅದೇ ಅಂಗಡಿಗೆ ಬೇರೆ ತೊಂದರೆಗಳು ಬರುತ್ತವೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ ದಿನದಲ್ಲಿ ಕೆಲವೇ ತಾಸು ಸಿಗುವ ಕಡೆ, ರಾತ್ರಿ ಹೊಲಕ್ಕೆ ಹೋಗುವುದನ್ನು ತಪ್ಪಿಸಲು ರೈತರು ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡರು. ಸಿಮ್ ಇರುವ ಈ ಪೆಟ್ಟಿಗೆ ಫೋನಿನಿಂದಲೇ ಮೋಟಾರು ಚಾಲೂ ಮಾಡುತ್ತದೆ, ಬಾವಿ ಬತ್ತಿದರೆ ತಾನೇ ನಿಲ್ಲಿಸುತ್ತದೆ. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆ ಸೌರ ಪಂಪುಗಳನ್ನು ಪ್ರೋತ್ಸಾಹಿಸಿತು. ಅವುಗಳ ಕಂಟ್ರೋಲರ್ ಕೆಟ್ಟರೆ ಪರದೆಯ ಮೇಲಿನ ದೋಷ ಸಂಕೇತ ಓದಬೇಕು, ಕೈಪಿಡಿ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ಸುತ್ತು ಎಣಿಸಿ ಪಳಗಿದ ಕೈಗೆ ಇದು ಹೊಸ ವಿದ್ಯೆ. ಇಂಥ ಸಮಯದಲ್ಲಿ ಮಿಸ್ತ್ರಿಯ ಮೊದಲ ಗುರು ಯೂಟ್ಯೂಬ್, ಎರಡನೆಯವನು ಕಂಪನಿಯ ಸರ್ವಿಸ್ ಹುಡುಗ.

ಏತ ನೀರಾವರಿ ಇದಕ್ಕಿಂತ ದೊಡ್ಡ ಅಳತೆಯದು. ಕೃಷ್ಣೆಯಿಂದ ನೀರೆತ್ತುವ ತುಬಚಿ–ಬಬಲೇಶ್ವರ ಮತ್ತು ಮುಳವಾಡ ಯೋಜನೆಗಳ ಪಂಪ್‌ಹೌಸ್‌ಗಳು, ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್ ಕೇಂದ್ರ, ಕೂಡಗಿಯ 2400 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರ ಎಲೆಕ್ಟ್ರಿಷಿಯನ್, ಫಿಟ್ಟರ್, ಆಪರೇಟರ್ ಕೆಲಸಗಳನ್ನು ಜಿಲ್ಲೆಯೊಳಗೇ ತಂದವು. ಅದಕ್ಕೂ ಮೊದಲು ಐಟಿಐ ಮುಗಿಸಿದವನ ದಾರಿ ಬಹುತೇಕ ಪುಣೆ, ಕೊಲ್ಹಾಪುರ ಇಲ್ಲವೇ ಬೆಂಗಳೂರಿನ ಕಡೆಗಿತ್ತು. ಈಗಲೂ ಅನೇಕರು ಅತ್ತಲೇ ಹೋಗುತ್ತಾರೆ.

ತಿಕೋಟಾ ಸುತ್ತಿನ ದ್ರಾಕ್ಷಿ ಪಡಗಳದ್ದು ಇನ್ನೊಂದು ಬಗೆಯ ಶಾಲೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ದ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಗೊಂಡು ತೇವ ಬೇಗ ಹೊರಬೀಳುತ್ತದೆ. ನೆರಳಿನ ಶೆಡ್ಡಿನ ಜಾಲರಿ ಅಟ್ಟಗಳಲ್ಲಿ ಎರಡು ವಾರಗಳ ಆಸುಪಾಸು ಒಣಗಿದರೆ ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ದ್ರಾವಣದ ಹದ, ಅದ್ದುವ ನಿಮಿಷಗಳ ಲೆಕ್ಕ, ಮೋಡ ಕವಿದಾಗ ಪರದೆ ಇಳಿಸುವ ತುರ್ತು, ಇವೆಲ್ಲ ಕಾಗದಕ್ಕೆ ಇಳಿಯದ ಜ್ಞಾನ. ಬಣ್ಣ, ಗಾತ್ರ ನೋಡಿ ಆರಿಸುವುದು ಹೆಚ್ಚಾಗಿ ಹೆಣ್ಣುಮಕ್ಕಳ ಕೆಲಸವಾಗಿತ್ತು. ಸಂಸ್ಕರಣಾ ಘಟಕಗಳಿಗೆ ಕ್ಯಾಮೆರಾದಿಂದ ಬಣ್ಣ ಗುರುತಿಸಿ ಗಾಳಿಯ ಒತ್ತಡದಿಂದ ಕೆಟ್ಟ ಕಾಳು ಹಾರಿಸುವ ಯಂತ್ರಗಳು ಬಂದಿವೆ. ಆ ಯಂತ್ರಕ್ಕೆ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೊಂದಿಸಿ ಕೊಡಲು ಬೇಕಾದ ಕಣ್ಣು ಆ ಹೆಣ್ಣುಮಕ್ಕಳದ್ದೇ. ಯಂತ್ರ ನಡೆಸುವ ತರಬೇತಿಗೆ ಅವರನ್ನು ಮೊದಲು ಕರೆಯುವುದು ನ್ಯಾಯ. ಆದರೆ ಕರೆ ಸಾಮಾನ್ಯವಾಗಿ ಹೋಗುವುದು ಗಂಡಸರಿಗೆ.

ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ಅಲ್ಪಾವಧಿ ತರಬೇತಿಗಳು ರೈತರಿಗೆ, ವಿಜಯಪುರದ ರುಡ್‌ಸೆಟ್ ಸಂಸ್ಥೆಯವು ನಿರುದ್ಯೋಗಿ ಯುವಕ ಯುವತಿಯರಿಗೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯಲ್ಲಿ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಮುಗಿದ ಮೇಲೆ ಬ್ಯಾಂಕ್ ಸಾಲ ಕೊಡಿಸುವ, ಆಮೇಲೂ ವಿಚಾರಿಸಿಕೊಳ್ಳುವ ಜವಾಬ್ದಾರಿಯೂ ಸಂಸ್ಥೆಯದೇ. ದೇಶದ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿಗೆ, ಅಂದರೆ ಆರ್‌ಸೆಟಿಗಳಿಗೆ, ಇದೇ ಮಾದರಿಯಾಯಿತು. ಇಂಥ ಕಡೆ ಹೊಲಿಗೆ, ಮೋಟಾರ್ ವೈಂಡಿಂಗ್ ಜೊತೆಗೆ ಮೊಬೈಲ್ ರಿಪೇರಿ, ಸಿಸಿ ಕ್ಯಾಮೆರಾ ಜೋಡಣೆ ಸೇರಿಕೊಂಡದ್ದು ಸಹಜ.

ಟೈಪಿಂಗ್‌ನಿಂದ ಕೋಚಿಂಗ್‌ವರೆಗೆ

ನೌಕರಿ ತಯಾರಿಯ ಕಥೆ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟುಗಳಿಂದ ಶುರುವಾಗುತ್ತದೆ. ಜೂನಿಯರ್, ಸೀನಿಯರ್ ಪಾಸಾದ ಪ್ರಮಾಣಪತ್ರ ಗುಮಾಸ್ತಿಕೆಯ ಮೆಟ್ಟಿಲಾಗಿತ್ತು. ಕಂಪ್ಯೂಟರ್ ಬಂದ ಮೇಲೆ ಅದೇ ಕೋಣೆಗಳಲ್ಲಿ ಟ್ಯಾಲಿ, ಡಿಟಿಪಿ ಬೋರ್ಡುಗಳು ನೇತಾಡಿದವು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಕಲಿಯುವುದು ಕಚೇರಿ ಕೆಲಸಕ್ಕೆ ಅನಿವಾರ್ಯವಾಯಿತು. ಐಟಿಐಯಲ್ಲಿ ಕಂಪ್ಯೂಟರ್ ಆಪರೇಟರ್ ತರಬೇತಿಯ ಒಂದು ವರ್ಷದ ‘ಕೋಪಾ’ ಕೋರ್ಸು ಇದೇ ಬೇಡಿಕೆಗೆ ಉತ್ತರ. 2003ರಲ್ಲಿ ಸ್ಥಾಪನೆಯಾಗಿ ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ, ತೊರವಿ ಬಳಿಯ ಮಹಿಳಾ ವಿಶ್ವವಿದ್ಯಾಲಯ ಸುತ್ತಲ ಹಳ್ಳಿಗಳ ಹುಡುಗಿಯರಿಗೆ ಉನ್ನತ ಶಿಕ್ಷಣವನ್ನು ಹತ್ತಿರ ತಂದಿತು.

ಇಂದು ವಿಜಯಪುರ, ಧಾರವಾಡದಂತೆಯೇ, ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಊರು. ಪೇದೆ, ಪಿಎಸ್‌ಐ, ಎಫ್‌ಡಿಎ ಹುದ್ದೆಗಳಿಗೆ ತಯಾರಾಗುವವರು ಬಾಡಿಗೆ ಕೋಣೆಗಳಲ್ಲಿ ಇರುತ್ತಾರೆ. ಬೆಳಗಿನ ಜಾವ ಮೈದಾನದಲ್ಲಿ ಓಟ, ಮಧ್ಯಾಹ್ನ ತರಗತಿ, ರಾತ್ರಿ ಟೆಲಿಗ್ರಾಂನಲ್ಲಿ ಪ್ರಚಲಿತ ವಿದ್ಯಮಾನದ ಪಿಡಿಎಫ್. 2020ರ ಲಾಕ್‌ಡೌನ್ ನಂತರ ಯೂಟ್ಯೂಬ್ ನೇರ ತರಗತಿಗಳು ಬೇರೂರಿ, ಬಬಲೇಶ್ವರದ ಮನೆಯಲ್ಲಿ ಕೂತೂ ಪಾಠ ಕೇಳುವಂತಾಯಿತು. ತಂತ್ರಜ್ಞಾನದ ಇನ್ನೊಂದು ಮುಖವನ್ನೂ ಈ ಅಭ್ಯರ್ಥಿಗಳು ಕಂಡರು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯಲ್ಲಿ ಬ್ಲೂಟೂತ್ ಬಳಕೆ, ಒಎಂಆರ್ ಹಾಳೆ ತಿದ್ದಿದ ಆರೋಪಗಳು ಬಂದು 2022ರ ಏಪ್ರಿಲ್‌ನಲ್ಲಿ ಸರಕಾರ ಆ ಪರೀಕ್ಷೆಯನ್ನೇ ರದ್ದುಪಡಿಸಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷ ಹೋಯಿತು.

ಇತ್ತೀಚಿನ ಯೋಜನೆಗಳು

2014ರಲ್ಲಿ ಕೇಂದ್ರದಲ್ಲಿ ಕೌಶಲ್ಯಾಭಿವೃದ್ಧಿ ಸಚಿವಾಲಯ, 2015ರ ಜುಲೈನಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, 2017ರಲ್ಲಿ ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ ಬಂದವು. ನೋಂದಣಿ, ಹಾಜರಿ, ಪ್ರಮಾಣಪತ್ರ ಪೋರ್ಟಲ್‌ಗಳಿಗೆ ವರ್ಗವಾದವು. ಐಟಿಐಯ ಥಿಯರಿ ಪರೀಕ್ಷೆಯೂ ಕಂಪ್ಯೂಟರಿನ ಮುಂದೆ ನಡೆಯತೊಡಗಿತು. ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ರಾಜ್ಯದ 150 ಸರಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್ 20ರಂದು ಉದ್ಘಾಟಿಸಲಾಯಿತು. ಸಿಎನ್‌ಸಿ, ತ್ರೀಡಿ ಪ್ರಿಂಟರ್, ರೋಬೋಟ್, ವಿದ್ಯುತ್ ವಾಹನದ ಪಾಠಗಳು ಜಿಲ್ಲಾ ಮಟ್ಟಕ್ಕೆ ಇಳಿದದ್ದು ಈ ಯೋಜನೆಯಿಂದ. ವೆಲ್ಡಿಂಗ್ ಸಿಮ್ಯುಲೇಟರ್ ಹೆಲ್ಮೆಟ್ ತೊಟ್ಟವನು ಕಿಡಿ, ಹೊಗೆ, ರಾಡಿನ ಖರ್ಚಿಲ್ಲದೆ ಹತ್ತಾರು ಬಾರಿ ಬೆಸುಗೆ ಎಳೆಯಬಹುದು. ಕೈಯ ವೇಗ, ಕೋನ ತಪ್ಪಿದ್ದು ಪರದೆಯಲ್ಲಿ ಕಾಣುತ್ತದೆ. ಬಿಸಿ ಮಾತ್ರ ನಿಜವಾದ ಬೆಸುಗೆಯಲ್ಲೇ ಗೊತ್ತಾಗಬೇಕು.

2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಒಪ್ಪಿದ 60,000 ಕೋಟಿ ರೂಪಾಯಿಯ ಯೋಜನೆ, ಈಗಿನ ಪಿಎಂ ಸೇತು, ದೇಶದ ಸಾವಿರ ಸರಕಾರಿ ಐಟಿಐಗಳನ್ನು 200 ಮುಖ್ಯ ಕೇಂದ್ರ, 800 ಉಪಕೇಂದ್ರಗಳಾಗಿ ಜೋಡಿಸಲಿದೆ. ಅದರಲ್ಲಿ 10,000 ಕೋಟಿ ಉದ್ಯಮಗಳಿಂದ ಬರಬೇಕು. ದೊಡ್ಡ ಕಾರ್ಖಾನೆಗಳಿರುವ ಜಿಲ್ಲೆಗೆ ಇಂಥ ಪಾಲುದಾರರು ಸುಲಭವಾಗಿ ಸಿಗುತ್ತಾರೆ. ತಿಕೋಟಾ, ಬಬಲೇಶ್ವರದಂಥ ಕಡೆ ಉದ್ಯಮವೆಂದರೆ ಒಣದ್ರಾಕ್ಷಿ ಘಟಕ, ಶೀತಲಗೃಹ, ಪಂಪ್‌ಹೌಸ್, ಡ್ರಿಪ್ ಮಾರುವ ಅಂಗಡಿ. ಇವುಗಳನ್ನು ಪಾಲುದಾರರೆಂದು ಎಣಿಸುವ ಕಲಂ ಯಾವ ಯೋಜನೆಯ ಅರ್ಜಿಯಲ್ಲಾದರೂ ಇದ್ದರೆ ಪಠ್ಯಕ್ರಮಕ್ಕೆ ಬೇಕಾದ ಸಾಮಗ್ರಿ ಊರಲ್ಲೇ ಇದೆ.