ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು

ಅರಿವಳಿಕೆಗೆ ಕೊಡುವ ಕ್ಲೋರೋಫಾರ್ಮ್ ಜೀವ ತೆಗೆಯುವುದು ಉಸಿರು ಕಟ್ಟಿಸಿಯೋ, ಹೃದಯ ನಿಲ್ಲಿಸಿಯೋ ಎಂದು ಪ್ರಾಣಿಗಳ ಮೇಲೆ ಪರೀಕ್ಷಿಸಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ನಡೆದ ಎರಡು ವಿಚಾರಣೆಗಳು. ಖರ್ಚು ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಸರ್ಕಾರದ್ದು. ಬೀದರ್, ಕಲಬುರಗಿ, ರಾಯಚೂರು ಸೀಮೆಗಳೂ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು.

ಜಗಳ ಹುಟ್ಟಿದ್ದು ಬ್ರಿಟನ್ನಿನಲ್ಲಿ. ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ 1847ರ ನವೆಂಬರಿನಲ್ಲಿ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಮೂರು ತಿಂಗಳೂ ಕಳೆದಿರಲಿಲ್ಲ, ಕಾಲಿನ ಉಗುರು ತೆಗೆಸಿಕೊಳ್ಳಲು ಕೂತ 15 ವರ್ಷದ ಹ್ಯಾನಾ ಗ್ರೀನರ್ ಎಂಬ ಹುಡುಗಿ ನ್ಯೂಕಾಸಲ್ ಬಳಿ ತೀರಿಕೊಂಡಳು. ಉಸಿರಾಟ ನೋಡುತ್ತಿದ್ದರೆ ಸಾಕು, ಅಪಾಯವಿಲ್ಲ ಎಂದರು ಎಡಿನ್‌ಬರೋದವರು. ಹೃದಯಕ್ಕೇ ಪೆಟ್ಟು ಬೀಳುತ್ತದೆ, ನಾಡಿ ಹಿಡಿದಿರಬೇಕು ಎಂಬುದು ಲಂಡನ್ನಿನವರ ವಾದ.

ಎಡಿನ್‌ಬರೋದಲ್ಲಿ ಶಸ್ತ್ರವೈದ್ಯ ಜೇಮ್ಸ್ ಸೈಮ್‌ರ ಶಿಷ್ಯರಾಗಿದ್ದ ಎಡ್ವರ್ಡ್ ಲಾರಿ ಹೈದರಾಬಾದಿನಲ್ಲಿ ರೆಸಿಡೆನ್ಸಿ ಸರ್ಜನ್ನರೂ ವೈದ್ಯಶಾಲೆಯ ಮುಖ್ಯಸ್ಥರೂ ಆಗಿದ್ದರು. ಉಸಿರಾಟ ನೋಡಿದರೆ ಸಾಕೆಂಬ ಗುರುವಿನ ಮಾತಿನಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಪರೀಕ್ಷೆ ನಡೆಸುವವನಿಗೆ ಇದು ಒಳ್ಳೆಯ ಲಕ್ಷಣವಲ್ಲ. ಮೊದಲ ಆಯೋಗ ನಾಯಿಗಳ ಮೇಲೆ ಪ್ರಯೋಗ ಮಾಡಿ, ಉಸಿರು ನಿಂತ ಮೇಲೆಯೇ ಹೃದಯ ನಿಲ್ಲುತ್ತದೆ ಎಂದು ತೀರ್ಪಿತ್ತಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ನಂಬಲಿಲ್ಲ. ಹಾಗಾದರೆ ನಿಮ್ಮವರನ್ನೇ ಕಳಿಸಿ ಎಂದು ನಿಜಾಮರು 1,000 ಪೌಂಡ್ ಕೊಡಿಸಿದರು. ಬಂದವರು ಔಷಧ ವಿಜ್ಞಾನದಲ್ಲಿ ಹೆಸರಾಗಿದ್ದ ಲಾಡರ್ ಬ್ರಂಟನ್.

ಎರಡನೆಯ ಆಯೋಗದಲ್ಲಿ ನಾಯಿ, ಕೋತಿ, ಕುದುರೆ, ಆಡು, ಬೆಕ್ಕು, ಮೊಲ ಸೇರಿ ನಾನೂರಕ್ಕೂ ಹೆಚ್ಚು ಪ್ರಾಣಿಗಳು ಬಳಕೆಯಾದವು. ರಕ್ತನಾಳಕ್ಕೆ ಕೊಳವೆ ಸೇರಿಸಿದರೆ ರಕ್ತದೊತ್ತಡದ ಏರಿಳಿತ ತಿರುಗುವ ಉರುಳೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಹೈದರಾಬಾದಿನಲ್ಲೇ ವೈದ್ಯ ಕಲಿತ ರೂಪಾ ಬಾಯಿ ಫರ್ದೂನ್‌ಜಿ ಈ ಕೆಲಸದಲ್ಲಿ ಕೈಜೋಡಿಸಿದರು. ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರೆಂದು ಎಣಿಸುತ್ತಾರೆ. ಸಂಶಯದಿಂದ ಬಂದಿದ್ದ ಬ್ರಂಟನ್ ಕೊನೆಗೆ ಲಾರಿಯವರ ಪಕ್ಷಕ್ಕೇ ಸೇರಿದರು.

ಆದರೂ ತೀರ್ಪು ನಿಲ್ಲಲಿಲ್ಲ. ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ 1893ರಲ್ಲಿ, ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನೇ ಕುಗ್ಗಿಸುತ್ತದೆ ಎಂದು ತೋರಿಸಿದರು. 1911ರಲ್ಲಿ ಎ. ಜಿ. ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಇನ್ನೊಂದು ವಿಚಿತ್ರವನ್ನು ಬಯಲಿಗೆಳೆದರು: ಗಾಢ ಅರಿವಳಿಕೆಯಲ್ಲಲ್ಲ, ಹಗುರ ಅರಿವಳಿಕೆಯಲ್ಲಿ ಅಡ್ರಿನಲಿನ್ ಏರಿದಾಗ ಹೃದಯ ತಾಳ ತಪ್ಪಿ ಅದುರತೊಡಗಿ, ಥಟ್ಟನೆ ನಿಲ್ಲುತ್ತದೆ. ಹೆದರಿ ಒದ್ದಾಡುವ ರೋಗಿಯಲ್ಲಿ ಅಡ್ರಿನಲಿನ್ ಏರುವುದು ಸಹಜ. ಆಯೋಗದ ಸೋಲು ಪ್ರಾಣಿಗಳ ಸಂಖ್ಯೆಯಲ್ಲಿರಲಿಲ್ಲ. ಪ್ರಮಾಣ ಮೀರಿ ಕೊಟ್ಟು ಸಾಯಿಸಿದ ಪ್ರಾಣಿಗಳು ಎಷ್ಟೇ ಇರಲಿ, ಸಾವಿರಾರು ರೋಗಿಗಳಲ್ಲಿ ಒಬ್ಬರಿಗೆ ಒದಗುವ ಆಕಸ್ಮಿಕದ ಸುಳಿವನ್ನು ಅವು ಕೊಡಲಾರವು.

ಬಟ್ಟೆಗೆ ಔಷಧ ಹನಿಸುತ್ತ ಗಂಟೆಗಟ್ಟಲೆ ಅದೇ ಆವಿಯಲ್ಲಿ ನಿಂತವರ ಆರೋಗ್ಯ ಆಯೋಗದ ಪ್ರಶ್ನೆಯೇ ಆಗಿರಲಿಲ್ಲ. ಯಕೃತ್ತಿಗೆ ಕ್ಲೋರೋಫಾರ್ಮ್ ವಿಷ. ದೀಪದ ಉರಿ ತಗುಲಿದರೆ ಅದರ ಆವಿ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಬೆಳಕು ಬಿದ್ದರೂ ಕೆಡುವುದರಿಂದ ಅದನ್ನು ಕಂದು ಬಣ್ಣದ ಬಾಟಲಿಯಲ್ಲಿ, ಚೂರು ಆಲ್ಕೊಹಾಲ್ ಬೆರೆಸಿ ಇಡುವ ವಾಡಿಕೆ.

ಸಿಬ್ಬಂದಿಯ ಉಸಿರಿಗೆ ಸೇರುವ ಅನಿಲದ ಲೆಕ್ಕ ಶುರುವಾದದ್ದು ಬಹಳ ತಡವಾಗಿ. ಹ್ಯಾಲೋಥೇನ್ ಮೊದಲಾದ ಅರಿವಳಿಕೆ ಅನಿಲಗಳು ಕೋಣೆಯ ಗಾಳಿಯಲ್ಲಿ ದಶಲಕ್ಷಕ್ಕೆ 2 ಭಾಗ ಮೀರಬಾರದು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1977ರಲ್ಲಿ ಶಿಫಾರಸು ಮಾಡಿತು. ಪಶು ಚಿಕಿತ್ಸಾಲಯದಲ್ಲಿ ಈ ಮಿತಿ ಕಾಯುವುದು ಕಷ್ಟ: ನಾಯಿಯ ಮೂತಿಗೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ, ಬೆಕ್ಕನ್ನು ಪೆಟ್ಟಿಗೆಯೊಳಗೆ ಮಲಗಿಸಿ ಮುಚ್ಚಳ ತೆಗೆದರೆ ಒಳಗಿದ್ದ ಐಸೋಫ್ಲೂರೇನ್ ಎಂಬ ಅರಿವಳಿಕೆ ಅನಿಲ ನೇರ ವೈದ್ಯರ ಮುಖಕ್ಕೆ ಬರುತ್ತದೆ. ಹೊರಬಿಟ್ಟ ಅನಿಲವನ್ನು ಕೊಳವೆಯಿಂದ ಆಚೆ ಸಾಗಿಸುವ ವ್ಯವಸ್ಥೆ ಇದಕ್ಕಾಗಿಯೇ ಬಂತು. ಭಾರತದಲ್ಲಿ 1998ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಪಶು ಆಸ್ಪತ್ರೆಗಳಿಗೂ ಅನ್ವಯಿಸುತ್ತಿದ್ದವು, ಅವುಗಳ ಬದಲಿಗೆ ಬಂದ 2016ರ ನಿಯಮಗಳೂ ಅನ್ವಯಿಸುತ್ತವೆ. ಅವು ಹೇಳುವುದು ಮಾತ್ರ ಸೂಜಿ, ಅವಧಿ ಮುಗಿದ ಔಷಧ, ರಾಸಾಯನಿಕ ತ್ಯಾಜ್ಯದ ವಿಲೇವಾರಿಯ ಬಗ್ಗೆ. ಕೋಣೆಯ ಗಾಳಿ ಅವುಗಳ ವಿಷಯವಲ್ಲ.