ಹಿಮದಡಿ ಹೂತಿದ್ದ ಪ್ಲಾನ್

ಅಮೆರಿಕದ ಅಲಾಸ್ಕಾ. 1989ರ ಮಾರ್ಚ್ 24, ಮಧ್ಯರಾತ್ರಿ ಕಳೆದು ನಾಲ್ಕೇ ನಿಮಿಷ. ಎಕ್ಸಾನ್ ವಾಲ್ಡೀಜ್ ಎಂಬ ತೈಲ ಹಡಗು ವಾಲ್ಡೀಜ್ ಬಂದರಿನಿಂದ ಹೊರಟು, ಬ್ಲೈ ರೀಫ್ ಎಂಬ ಬಂಡೆಸಾಲಿಗೆ ಬಡಿಯಿತು. ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಕಡಲಿಗೆ ಸೇರಿತು.

ಮಾಧ್ಯಮಗಳು ಹಿಡಿದದ್ದು ಒಂದೇ ಪ್ರಶ್ನೆ. ಕ್ಯಾಪ್ಟನ್ ಕುಡಿದಿದ್ದನಾ? ನಮ್ಮ ವೃತ್ತಿಯ ಸ್ವಭಾವವೇ ಅದು, ಖಳನಾಯಕ ಒಬ್ಬ ಸಿಕ್ಕಿಬಿಟ್ಟರೆ ಕಥೆ ಸಲೀಸು. ಆದರೆ ಕುಡಿದು ಹಡಗು ನಡೆಸಿದ ಆರೋಪದಿಂದ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿತು. ನಿರ್ಲಕ್ಷ್ಯದಿಂದ ತೈಲ ಸೋರಲು ಕಾರಣನಾದ ಅನ್ನೋ ಸಣ್ಣ ಅಪರಾಧಕ್ಕಷ್ಟೇ ಶಿಕ್ಷೆಯಾಯಿತು. ಹಡಗು ಬಡಿಯುವುದು ಅಪಘಾತ, ಸರಿ. ಬಡಿದ ಮೇಲೆ ಏನಾಯ್ತು? ನನ್ನ ಪ್ರಕಾರ ಇತಿಹಾಸ ಕೇಳಬೇಕಾದ ಪ್ರಶ್ನೆ ಇದು.

ಅಲ್ಲಿ ಪೈಪ್‌ಲೈನ್ ಮತ್ತು ಟರ್ಮಿನಲ್ ನಡೆಸುತ್ತಿದ್ದದ್ದು ತೈಲ ಕಂಪನಿಗಳೇ ಸೇರಿ ಕಟ್ಟಿದ ಅಲಿಯೆಸ್ಕಾ ಎಂಬ ಸಂಸ್ಥೆ. ತೈಲ ಸೋರಿದರೆ ಏನು ಮಾಡಬೇಕೆಂಬ ಯೋಜನೆ ಅವರದ್ದೇ. ಅದಕ್ಕೆ ಒಪ್ಪಿಗೆ ಕೊಟ್ಟು, ಪಾಲನೆ ಆಗ್ತಿದೆಯಾ ಅಂತ ನೋಡಬೇಕಿದ್ದದ್ದು ಸರ್ಕಾರ. ಯೋಜನೆಯಲ್ಲಿ ಬರೆದಿತ್ತು: ಐದು ಗಂಟೆಯೊಳಗೆ ಸಲಕರಣೆ ಸ್ಥಳಕ್ಕೆ ತಲುಪುತ್ತದೆ.

ತಲುಪಿದ್ದು ಯಾವಾಗ? ಸುಮಾರು 14 ಗಂಟೆಯ ನಂತರ. ಸಲಕರಣೆ ಹೊರಬೇಕಿದ್ದ ಬಾರ್ಜ್ ರಿಪೇರಿಯಲ್ಲಿತ್ತು. ಅದರ ಮೇಲಿದ್ದ ಸಾಮಾನನ್ನೆಲ್ಲ ಮೊದಲೇ ಇಳಿಸಿಟ್ಟಿದ್ದರು. ಕೆಲವು ಹಿಮದಡಿ ಹೂತುಹೋಗಿದ್ದವು. ತೈಲ ಸೋರಿಕೆಗೆಂದೇ ಇಟ್ಟಿದ್ದ ಪ್ರತ್ಯೇಕ ತಂಡವನ್ನು 1980ರ ದಶಕದ ಆರಂಭದಲ್ಲೇ ವಿಸರ್ಜಿಸಿ, ಬೇರೆ ಕೆಲಸದವರ ತಲೆಗೆ ಆ ಹೊಣೆ ಕಟ್ಟಿದ್ದರು. ಇಷ್ಟು ದೊಡ್ಡ ಸೋರಿಕೆ ಆಗೋದು 241 ವರ್ಷಕ್ಕೊಮ್ಮೆ ಅನ್ನೋ ಲೆಕ್ಕ ಅದೇ ಯೋಜನೆಯಲ್ಲಿತ್ತು! ಪೈಪ್‌ಲೈನ್ ಶುರುವಾಗಿ 12 ವರ್ಷವಷ್ಟೇ ಆಗಿತ್ತು.

ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಜನರೇಟರ್ ಇದೆ ಅಂದುಕೊಳ್ಳಿ. ಕರೆಂಟ್ ಹೋದ ಮೇಲೆ ಡೀಸೆಲ್ ಇಲ್ಲ ಅಂತ ಗೊತ್ತಾದರೆ ಅದನ್ನು ಜನರೇಟರ್ ಅನ್ನಬೇಕಾ, ಗುಜರಿ ಅನ್ನಬೇಕಾ? ನಾನು ಓದಿದ ಇಂಜಿನಿಯರಿಂಗ್‌ನಲ್ಲಿ ಪರೀಕ್ಷೆ ಮಾಡದ ಬ್ಯಾಕಪ್‌ಗೆ ಬೆಲೆಯೇ ಇಲ್ಲ.

ಮೊದಲ ಸುಮಾರು ಮೂರು ದಿನ ಕಡಲು ಶಾಂತವಾಗಿತ್ತು. ತೈಲ ಬಾಚಲು ಅದೇ ಸಮಯ. ಅದು ಗೊಂದಲದಲ್ಲೇ ಕಳೆದುಹೋಯಿತು. ಆಮೇಲೆ ಬಿರುಗಾಳಿ ಬಂತು. ಕೊನೆಗೆ ಸುಮಾರು 2,100 ಕಿಲೋಮೀಟರ್ ಕರಾವಳಿಗೆ ತೈಲ ಮೆತ್ತಿತು. ಈ ಮಧ್ಯೆ ಯಾರಿಗೂ ಕಾಯದೆ ಮೀನುಗಾರರು ತಮ್ಮದೇ ದೋಣಿ ತಗೊಂಡು ಹೋಗಿ, ತೇಲುವ ತಡೆಗೋಡೆ ಎಳೆದು ಸಾಲ್ಮನ್ ಮರಿಗಳ ಕೇಂದ್ರಗಳನ್ನು ಉಳಿಸಿಕೊಂಡರು.

ಅಮೆರಿಕ ಪಾಠ ಕಲಿಯಿತು. 1990ರಲ್ಲಿ ತೈಲ ಮಾಲಿನ್ಯ ಕಾಯ್ದೆ ಬಂತು. ತೈಲ ಹಡಗುಗಳಿಗೆ ಹಂತಹಂತವಾಗಿ ಎರಡು ಪದರದ ಒಡಲು ಕಡ್ಡಾಯವಾಯಿತು. ಅಲ್ಲಿನ ಮೀನುಗಾರರಿಗೆ ಈಗ ಪ್ರತಿವರ್ಷ ತರಬೇತಿಯಿದೆ, ಅವರ ನೂರಾರು ದೋಣಿಗಳು ಒಪ್ಪಂದದಲ್ಲಿವೆ. ಎಲ್ಲಕ್ಕಿಂತ ಮುಖ್ಯ, ಊರಿನವರದ್ದೇ ಒಂದು ಸಲಹಾ ಮಂಡಳಿ ಬಂತು. ಖರ್ಚು ಕಂಪನಿಯದ್ದು, ಪ್ರಶ್ನೆ ಕೇಳುವ ಹಕ್ಕು ಊರಿನವರದ್ದು.

ಸರಿ, ನಮ್ಮ ಕಥೆ ಏನು? ನಮ್ಮಲ್ಲೂ 1996ರಿಂದ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆ ಇದೆ. ಸಮನ್ವಯದ ಹೊಣೆ ಕೋಸ್ಟ್ ಗಾರ್ಡ್‌ನದ್ದು. ಆದರೆ 700 ಟನ್‌ವರೆಗಿನ ಸೋರಿಕೆಯನ್ನು ಮೊದಲು ಎದುರಿಸಬೇಕಾದವರು ಸ್ಥಳೀಯ ಬಂದರು ಮತ್ತು ತೈಲ ಸಂಸ್ಥೆಗಳೇ. 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದವು. ಹಾನಿಯಿಲ್ಲ ಅಂತ ಬಂದರಿನ ಮೊದಲ ಹೇಳಿಕೆ. ಆಮೇಲೆ ದಡಕ್ಕೆ ಕಪ್ಪು ರಾಡಿ ಬಂತು. ಸೋರಿದ್ದು 700 ಟನ್‌ಗಿಂತ ಎಷ್ಟೋ ಕಡಿಮೆ. ಆದರೂ ದೇಶ ಟೀವಿಯಲ್ಲಿ ನೋಡಿದ್ದು ಮೀನುಗಾರರು, ವಿದ್ಯಾರ್ಥಿಗಳು ಪ್ಲಾಸ್ಟಿಕ್ ಬಕೆಟ್‌ನಲ್ಲಿ ತೈಲ ಎತ್ತುತ್ತಿದ್ದ ದೃಶ್ಯ. ಅಲಾಸ್ಕಾ ಆಗಿ 28 ವರ್ಷವಾಗಿತ್ತು!

ನಮ್ಮ ಕರಾವಳಿಗೂ ಇದು ದೂರದ ಮಾತಲ್ಲ. 2006ರಲ್ಲಿ ಕಾರವಾರದ ಬಳಿ ಓಷನ್ ಸೆರಾಯ ಎಂಬ ಹಡಗು ಸಿಲುಕಿ, ಅದರ ತೈಲ ಕಡಲತೀರಕ್ಕೆ ಬಂದಿತ್ತು. ಮಂಗಳೂರಿನ ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ಬರುವುದೂ ಸಮುದ್ರದ ದಾರಿಯಲ್ಲೇ. ಹಾಗಾಗಿ ಕಂಪನಿಗೂ ಸರ್ಕಾರಕ್ಕೂ ‘ಪ್ಲಾನ್ ಇದೆಯಾ?’ ಅಂತ ಕೇಳಬೇಡಿ. ಇದೆ ಅಂತಾರೆ. ಕೊನೆಯ ಅಣಕು ಕಾರ್ಯಾಚರಣೆ ಯಾವಾಗ ಆಯ್ತು, ಎಷ್ಟು ಗಂಟೆ ಹಿಡಿಯಿತು, ನಮ್ಮ ಮೊಗವೀರರಲ್ಲಿ ಎಷ್ಟು ಜನ ಅದರಲ್ಲಿದ್ದರು? ಇದನ್ನು ಕೇಳಿ. ಉತ್ತರದಲ್ಲಿ ತಾರೀಕು ಮತ್ತು ಅಂಕಿ ಇರಲಿ.